ಆಳಕ್ಕೆ ಹೋಗಿಬಂದ ಕಲ್ಲು ಎಲ್ಲವನ್ನೂ ಏಕೆ ಹೇಳುವುದಿಲ್ಲ?

ಲಡಾಖಿನ ಪೂಗಾ ಕಣಿವೆಗೆ ಜನ ಹೋಗುವುದು ಬಿಸಿನೀರಿನ ಬುಗ್ಗೆ ನೋಡಲು. ಸುತ್ತಲಿನ ಗುಡ್ಡಗಳಲ್ಲಿ ಹೆಚ್ಚಾಗಿ ಕಾಣುವುದು ಬೂದುಬಣ್ಣದ, ಪಟ್ಟೆಪಟ್ಟೆಯ ನೈಸ್ ಶಿಲೆ. ನಮ್ಮ ಬಯಲುಸೀಮೆಯ ಬಂಡೆಗಳ ಹಾಗೆಯೇ ಇರುವುದರಿಂದ ಅದರ ಮೇಲೆ ಕಣ್ಣು ನಿಲ್ಲುವುದಿಲ್ಲ. ಆದರೆ ತ್ಸೋ ಮೊರಿರಿ ಸರೋವರದವರೆಗೂ ಹಬ್ಬಿರುವ ಈ ನೈಸ್‌ನೊಳಗೆ ಅಲ್ಲಲ್ಲಿ ಕಪ್ಪುಹಸಿರು ಬಣ್ಣದ, ಕೈಗೆ ವಿಪರೀತ ಭಾರ ಎನಿಸುವ ಗಟ್ಟಿ ಉಂಡೆಗಳು ಹುದುಗಿವೆ. ಸುತ್ತಿಗೆಯಿಂದ ಒಡೆದರೆ ಒಳಗೆ ದಾಳಿಂಬೆ ಕಾಳಿನಂಥ ಕೆಂಪು ಗಾರ್ನೆಟ್ ಹರಳುಗಳು ಕಾಣುತ್ತವೆ. ಈ ಕಲ್ಲಿನ ಹೆಸರು ಎಕ್ಲೋಗೈಟ್.

2000ದ ದಶಕದ ಆರಂಭದಲ್ಲಿ ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇಂಥ ಉಂಡೆಗಳ ಗಾರ್ನೆಟ್ಟಿನೊಳಗೆ ಕೋಸೈಟ್ ಎಂಬ ಖನಿಜವನ್ನು ಗುರುತಿಸಿದರು. ಕೋಸೈಟ್ ಎಂದರೆ ಬೇರೇನೂ ಅಲ್ಲ, ನಮ್ಮ ಬೆಣಚುಕಲ್ಲೇ, ಅಂದರೆ ಕ್ವಾರ್ಟ್ಜ್. ರಾಸಾಯನಿಕವಾಗಿ ಎರಡೂ ಒಂದೇ. ಆದರೆ ಸುಮಾರು 27,000 ವಾತಾವರಣಗಳಷ್ಟು ಒತ್ತಡ ಬಿದ್ದಾಗ ಅಣುಗಳು ಒತ್ತೊತ್ತಾಗಿ ಕೂತು ಬೆಣಚು ಕೋಸೈಟ್ ಆಗುತ್ತದೆ. ಭೂಮಿಯೊಳಗೆ ಅಷ್ಟು ಒತ್ತಡ ಸಿಗಬೇಕಾದರೆ 90 ಕಿಲೋಮೀಟರಿಗೂ ಕೆಳಗೆ ಇಳಿಯಬೇಕು. ಅಂದರೆ ಈ ಉಂಡೆ ಅಲ್ಲಿಗೆ ಹೋಗಿ ಮತ್ತೆ ಮೇಲಕ್ಕೆ ಬಂದಿದೆ. ಸುಮಾರು 5 ಕೋಟಿ ವರ್ಷಗಳ ಹಿಂದೆ, ಭಾರತದ ಭೂಫಲಕದ ಮುಂಚೂಣಿ ಏಷ್ಯಾದ ಅಡಿಗೆ ಜಾರಿದಾಗ ನಡೆದ ಘಟನೆ ಇದು.

ಕಗ್ಗಂಟು ಇರುವುದು ಇಲ್ಲಿ. ಉಂಡೆಯ ಸುತ್ತಲಿನ ಬೂದು ನೈಸ್‌ನಲ್ಲಿರುವ ಖನಿಜಗಳನ್ನು ನೋಡಿದರೆ ಅದರ ಬಹುಭಾಗ ಅಂಥ ಆಳವನ್ನು ಕಂಡ ಹಾಗೆಯೇ ಇಲ್ಲ. ಅದರಲ್ಲಿ ಇರುವುದು ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ. ಇವೆಲ್ಲ ಮಾಮೂಲಿ ಆಳದಲ್ಲಿ ಹಾಯಾಗಿ ಬಾಳುವ ಖನಿಜಗಳು. ಪೂಗಾದಿಂದ ತ್ಸೋ ಕಾರ್ ಕಡೆಗೆ ಹೊರಟರೆ ಪೊಲೊಕೊಂಗ್ಕಾ ಲಾ ಎಂಬ ಎತ್ತರದ ಕಣಿವೆದಾರಿ ಸಿಗುತ್ತದೆ. ಅಲ್ಲಿನ ಗ್ರಾನೈಟ್ ಕೂಡ ಇದೇ ಶಿಲಾಖಂಡಕ್ಕೆ ಸೇರಿದ್ದು. ಸುಮಾರು 48 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲಾರಸ ತಣ್ಣಗಾಗಿ ಹುಟ್ಟಿದ್ದು. ಅದರ ದೊಡ್ಡ ದೊಡ್ಡ ಫೆಲ್ಡ್‌ಸ್ಪಾರ್ ಹರಳುಗಳು ಇವತ್ತಿಗೂ ಹುಟ್ಟಿದಾಗಿನ ಆಕಾರದಲ್ಲೇ ಕಾಣುತ್ತವೆ. ಉಂಡೆ ಹೇಳುವ ಕಥೆ ಒಂದು, ಅದನ್ನು ಹೊತ್ತುಕೊಂಡ ಕಲ್ಲು ಹೇಳುವ ಕಥೆ ಇನ್ನೊಂದು. ಹೊಟ್ಟೆಯೊಳಗಿನ ಉಂಡೆ 90 ಕಿಲೋಮೀಟರ್ ಇಳಿಯುವಾಗ ಹೊಟ್ಟೆ ಮಾತ್ರ ಮೇಲೆಯೇ ಉಳಿದಿತ್ತೆ?

ಈ ಪ್ರಶ್ನೆ ಲಡಾಖಿನದಷ್ಟೇ ಅಲ್ಲ. ನಾರ್ವೆಯ ಪಶ್ಚಿಮ ಕರಾವಳಿಯ ವಿಶಾಲ ನೈಸ್ ಪ್ರದೇಶದಲ್ಲಿಯೂ ಹೀಗೆಯೇ ಎಕ್ಲೋಗೈಟ್ ಉಂಡೆಗಳು ಚದುರಿಕೊಂಡಿವೆ. ಅವುಗಳ ಬಗ್ಗೆ ಭೂವಿಜ್ಞಾನಿಗಳು ದಶಕಗಳ ಕಾಲ ಜಗಳವಾಡಿದರು. ಒಂದು ಪಂಗಡದವರ ವಾದ ಸರಳವಾಗಿತ್ತು: ಸುತ್ತಲ ನೈಸ್‌ನಲ್ಲಿ ಅಧಿಕ ಒತ್ತಡದ ಗುರುತೇ ಇಲ್ಲ, ಆದ್ದರಿಂದ ನೈಸ್ ಆಳಕ್ಕೆ ಹೋಗಿಲ್ಲ, ಎಕ್ಲೋಗೈಟ್ ಉಂಡೆಗಳು ಭೂಮಿಯ ಹೊದಿಕೆಯಿಂದ, ಅಂದರೆ ಹೊರಚಿಪ್ಪಿನ ಕೆಳಗಿರುವ ದಪ್ಪ ಪದರದಿಂದ, ಕಿತ್ತು ಬಂದು ಆಮೇಲೆ ಇದರೊಳಗೆ ತೂರಿಕೊಂಡ ಪರಕೀಯ ತುಣುಕುಗಳು. ಇನ್ನೊಂದು ಪಂಗಡದವರು, ಉಂಡೆ ಮತ್ತು ನೈಸ್ ಒಟ್ಟಿಗೇ ಹೋಗಿ ಒಟ್ಟಿಗೇ ಬಂದಿವೆ, ಒಂದು ನೆನಪಿಟ್ಟುಕೊಂಡಿತು, ಇನ್ನೊಂದು ಇಟ್ಟುಕೊಳ್ಳಲಿಲ್ಲ ಎಂದರು. ಕೊನೆಗೆ ಬಹುಮಟ್ಟಿಗೆ ಗೆದ್ದದ್ದು ಎರಡನೆಯ ಪಂಗಡ. ಆದರೆ ಮೊದಲ ಪಂಗಡದವರ ತರ್ಕವನ್ನು ನಾವು ಈಗಲೂ ದಿನನಿತ್ಯ ಮಾಡುತ್ತೇವೆ: ಗುರುತಿಲ್ಲ ಎಂದರೆ ಘಟನೆಯೇ ನಡೆದಿಲ್ಲ ಎಂದುಕೊಳ್ಳುವುದು. ಕಲ್ಲಿನ ವಿಷಯದಲ್ಲಿ ಈ ತರ್ಕ ಎಲ್ಲಿ ಜಾರುತ್ತದೆ ಎಂಬುದನ್ನೇ ಇಲ್ಲಿ ಬಿಡಿಸಿ ನೋಡೋಣ.

ಶಾಖ, ಒತ್ತಡಗಳಿಂದ ಖನಿಜಗಳು ಬದಲಾದ ಇಂಥ ರೂಪಾಂತರ ಶಿಲೆಯನ್ನು ಪಾಠಪುಸ್ತಕಗಳು ಒಂದು ಬಗೆಯ ಮಾಪಕದ ಹಾಗೆ ವರ್ಣಿಸುತ್ತವೆ. ಇಂತಿಷ್ಟು ಶಾಖ, ಇಂತಿಷ್ಟು ಒತ್ತಡ ಇದ್ದರೆ ಇಂತಿಂಥ ಖನಿಜಗಳು ಜೊತೆಯಾಗಿ ಇರುತ್ತವೆ ಎಂಬ ಪಟ್ಟಿ ಇದೆ. ಕಲ್ಲಿನಲ್ಲಿ ಆ ಜೊತೆ ಕಂಡರೆ ಅದು ಅಲ್ಲಿಗೆ ಹೋಗಿತ್ತು ಎಂದು ತೀರ್ಮಾನಿಸುತ್ತೇವೆ. ಉದಾಹರಣೆಗೆ ಸೋಡಿಯಂ ಇರುವ ಫೆಲ್ಡ್‌ಸ್ಪಾರ್ ಅಧಿಕ ಒತ್ತಡದಲ್ಲಿ ಒಡೆದು ಜೇಡೈಟ್ ಎಂಬ ಖನಿಜ ಮತ್ತು ಬೆಣಚು ಆಗಬೇಕು. ಲೆಕ್ಕ ಸರಿ. ಆದರೆ ಆ 'ಆಗಬೇಕು' ಎಂಬ ಪದದಲ್ಲಿ ಒಂದು ಷರತ್ತು ಅಡಗಿದೆ: ಕಲ್ಲಿನೊಳಗಿನ ಅಣುಗಳಿಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಯಲು ದಾರಿ ಮತ್ತು ಶಕ್ತಿ ಎರಡೂ ಇರಬೇಕು. ಒತ್ತಡ ಬದಲಾವಣೆಯನ್ನು ಬಯಸುತ್ತದೆ. ನಡೆಸುವುದು ಬೇರೆಯವರು: ಶಾಖ, ನೀರು, ಮತ್ತು ಕಲ್ಲನ್ನು ಹಿಸುಕಿ ಎಳೆದಾಡುವ ಬಲ.

ಮೊದಲು ಶಾಖದ ಮಾತು. ಮುಳುಗುವ ಭೂಫಲಕ ವರ್ಷಕ್ಕೆ 5 ಸೆಂಟಿಮೀಟರ್ ವೇಗದಲ್ಲಿ, 30 ಡಿಗ್ರಿ ಇಳಿಜಾರಿನಲ್ಲಿ ಹೋಗುತ್ತಿದೆ ಎಂದುಕೊಳ್ಳಿ. 100 ಕಿಲೋಮೀಟರ್ ಆಳ ಮುಟ್ಟಲು ಅದು 200 ಕಿಲೋಮೀಟರ್ ಜಾರಬೇಕು, ಅದಕ್ಕೆ 40 ಲಕ್ಷ ವರ್ಷ ಸಾಕು. ಶಾಖವಾದರೋ ಕಲ್ಲಿನೊಳಗೆ ಬಲು ನಿಧಾನಕ್ಕೆ ಹರಡುತ್ತದೆ. 10 ಕಿಲೋಮೀಟರ್ ದಪ್ಪದ ಶಿಲೆಯೊಳಗೆ ಹಬ್ಬಲು ಸುಮಾರು 30 ಲಕ್ಷ ವರ್ಷ ಬೇಕು. ಹೀಗಾಗಿ ಒತ್ತಡ ಕೂಡಲೇ ಬೀಳುತ್ತದೆ, ಬಿಸಿ ಹಿಂದಿನಿಂದ ಬರುತ್ತದೆ. ಸಾಮಾನ್ಯ ಭೂಖಂಡದಲ್ಲಿ ಒಂದೊಂದು ಕಿಲೋಮೀಟರ್ ಇಳಿದಂತೆ 25ರಿಂದ 30 ಡಿಗ್ರಿ ಶಾಖ ಏರಿದರೆ, ಮುಳುಗುವ ಫಲಕದಲ್ಲಿ ಅದು 5ರಿಂದ 10 ಡಿಗ್ರಿ ಅಷ್ಟೇ. ತಣ್ಣಗಿನ ಕಲ್ಲಿನಲ್ಲಿ ಅಣುಗಳ ನಡಿಗೆ ಮಂದ. ಕಲ್ಲು ತನ್ನ ಅತಿ ಹೆಚ್ಚಿನ ಆಳವನ್ನು ತಲುಪಿದ ಗಳಿಗೆಯಲ್ಲಿ ಬರೆದುಕೊಳ್ಳಲು ಬೇಕಾದಷ್ಟು ಬಿಸಿ ಅದಕ್ಕೆ ಇಲ್ಲದೆ ಹೋಗಬಹುದು. ಮೇಲಕ್ಕೆ ಬರಲು ಶುರುವಾದ ಮೇಲೆ, ಒತ್ತಡ ಇಳಿಯುತ್ತಿರುವಾಗ, ತಡವಾಗಿ ಬಂದ ಬಿಸಿ ಕಲ್ಲನ್ನು ಎಚ್ಚರಿಸುತ್ತದೆ. ಆಗ ಅದು ಬರೆದುಕೊಳ್ಳುವುದು 100 ಕಿಲೋಮೀಟರಿನ ಕಥೆಯನ್ನಲ್ಲ, ಹಿಂದಿರುಗುವ ದಾರಿಯಲ್ಲಿ ಸಿಕ್ಕ 60 ಕಿಲೋಮೀಟರಿನ ಕಥೆಯನ್ನು.

ಆದರೂ ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಮುಖ್ಯವಾದದ್ದು ನೀರು. ಇದನ್ನು ಕಣ್ಣಿಗೆ ಕಟ್ಟಿದ ಹಾಗೆ ತೋರಿಸುವ ಜಾಗ ನಾರ್ವೆಯ ಬರ್ಗನ್ ನಗರದ ವಾಯುವ್ಯಕ್ಕಿರುವ ಹೋಲ್ಸ್‌ನೋಯ್ ದ್ವೀಪ.

ಸಮುದ್ರದ ಗಾಳಿ, ಮಳೆ ತೊಳೆದು ಬೋಳಾಗಿಸಿದ ಬಂಡೆಗಳ ಮೇಲೆ ಅಲ್ಲಿ ನಡೆದಾಡಬಹುದು. ಕಾಲ ಕೆಳಗಿನ ಕಲ್ಲು ಬಹುಪಾಲು ತಿಳಿ ಬೂದು, ಅಲ್ಲಲ್ಲಿ ನೇರಳೆ ಛಾಯೆ. ಇದು ಗ್ರಾನ್ಯುಲೈಟ್. ಸುಮಾರು 93 ಕೋಟಿ ವರ್ಷಗಳ ಹಿಂದೆ 800 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಬೆಂದು, ಒಳಗಿನ ನೀರನ್ನೆಲ್ಲ ಕಳೆದುಕೊಂಡು, ಮೂಳೆಯಂತೆ ಒಣಗಿದ ಶಿಲೆ. ಇದನ್ನು ಅಡ್ಡಡ್ಡ ಸೀಳಿಕೊಂಡು ಹಸಿರು ಪಟ್ಟೆಗಳು ಹೋಗಿವೆ. ಕೆಲವು ಬೆರಳಗಲ, ಕೆಲವು ಹತ್ತಾರು ಮೀಟರ್ ಅಗಲ. ಅವು ಎಕ್ಲೋಗೈಟ್. ಒಂದು ಸಣ್ಣ ಪಟ್ಟೆಯ ಪಕ್ಕ ಕೂತು ನೋಡಿದರೆ ಅದರ ನಟ್ಟನಡುವೆ ಕೂದಲೆಳೆಯಂಥ ಒಂದು ಬಿರುಕು ಕಾಣುತ್ತದೆ. ಬಿರುಕಿನ ಎರಡೂ ಬದಿಗೆ ಕೆಲವು ಸೆಂಟಿಮೀಟರ್ ಹಸಿರು. ಅದರಾಚೆ ಮತ್ತೆ ಬೂದು. ಗಡಿಯ ಮೇಲೆ ಕೈಯಿಟ್ಟರೆ ಹೆಬ್ಬೆರಳು ಒಂದು ಕಲ್ಲಿನ ಮೇಲಿರುತ್ತದೆ, ಕಿರುಬೆರಳು ಇನ್ನೊಂದರ ಮೇಲೆ. ರಾಸಾಯನಿಕ ಪರೀಕ್ಷೆ ಮಾಡಿದರೆ ಎರಡೂ ಹೆಚ್ಚುಕಡಿಮೆ ಒಂದೇ; ಹಸಿರಿನಲ್ಲಿ ಸ್ವಲ್ಪ ನೀರು ಸೇರಿದೆ, ಅಷ್ಟೆ.

ಸುಮಾರು 43 ಕೋಟಿ ವರ್ಷಗಳ ಹಿಂದೆ, ಎರಡು ಭೂಖಂಡಗಳು ಡಿಕ್ಕಿ ಹೊಡೆದಾಗ, ಈ ಇಡೀ ಬಂಡೆ ಒಟ್ಟಾಗಿ 50-60 ಕಿಲೋಮೀಟರ್ ಆಳಕ್ಕೆ ಇಳಿಯಿತು. ಶಾಖ ಸುಮಾರು 700 ಡಿಗ್ರಿ. ಬೂದು ಭಾಗಕ್ಕೂ ಹಸಿರು ಭಾಗಕ್ಕೂ ಅದೇ ಶಾಖ, ಅದೇ ಒತ್ತಡ. ನೀರು ಬಿರುಕಿನಲ್ಲಿ ನುಸುಳಿದ ಕಡೆ ಫೆಲ್ಡ್‌ಸ್ಪಾರ್ ಒಡೆದು ಹಸಿರು ಓಂಫಸೈಟ್, ಗಾರ್ನೆಟ್, ಕಯನೈಟ್, ಜೊಯಿಸೈಟ್ ಗುಂಪಿನ ಖನಿಜಗಳಾದವು. ನೀರು ಮುಟ್ಟದ ಕಡೆ 93 ಕೋಟಿ ವರ್ಷದ ಹಳೆಯ ಖನಿಜಗಳೇ, ತಮಗೆ ಸಲ್ಲದ ಒತ್ತಡದಲ್ಲಿಯೂ, ಕದಲದೆ ಉಳಿದವು. ನಾರ್ವೆಯ ಹೋಕನ್ ಔಸ್ಟ್ರಹೈಮ್ 1987ರಲ್ಲಿ ಇದನ್ನು ಬಿಡಿಸಿ ತೋರಿಸಿದ ಮೇಲೆ ಶಿಲಾಶಾಸ್ತ್ರ ನೋಡುವ ಬಗೆಯೇ ಬದಲಾಯಿತು ಎಂದರೆ ಹೆಚ್ಚಾಗಲಾರದು. ಬೂದು ಭಾಗದಿಂದ ಮಾತ್ರ ಒಂದು ಚೂರು ಎತ್ತಿಕೊಂಡು ಬಂದು ಪ್ರಯೋಗಾಲಯದಲ್ಲಿ ಕೊಟ್ಟರೆ, ಈ ಕಲ್ಲು 93 ಕೋಟಿ ವರ್ಷಗಳಿಂದ ಎಲ್ಲಿಗೂ ಹೋಗಿಲ್ಲ ಎಂಬ ವರದಿ ಬರುತ್ತದೆ. ವರದಿ ಬರೆದವರದೇನೂ ತಪ್ಪಿಲ್ಲ. ಕಲ್ಲಿಗೆ ಅಷ್ಟೇ ಗೊತ್ತು.

ಬಿರುಕನ್ನು ತೆರೆದದ್ದು ಯಾರು? ಹೋಲ್ಸ್‌ನೋಯ್‌ನ ಗ್ರಾನ್ಯುಲೈಟಿನಲ್ಲಿ ಗಾಜಿನಂಥ ಕಪ್ಪು ಎಳೆಗಳೂ ಸಿಗುತ್ತವೆ. ಭೂಕಂಪವಾದಾಗ ಬಂಡೆ ಸರ್ರನೆ ಜಾರಿ, ಉಜ್ಜಿದ ಬಿಸಿಗೆ ಕ್ಷಣಮಾತ್ರದಲ್ಲಿ ಕರಗಿ, ಹಾಗೆಯೇ ಹೆಪ್ಪುಗಟ್ಟಿದ ರಸ ಅದು. ಎಕ್ಲೋಗೈಟ್ ಇಂಥ ಎಳೆಗಳ ಅಕ್ಕಪಕ್ಕದಲ್ಲೂ ಬೆಳೆದಿದೆ. ಅಂದರೆ ಆಳದ ಭೂಕಂಪ ಬಂಡೆಯನ್ನು ಒಡೆಯಿತು, ನೀರು ಒಳಗೆ ಬಂತು, ಆಮೇಲೆ ಕಲ್ಲು ಬರೆಯಲು ಕೂತಿತು. ನೀರು ಬಂದ ಕಲ್ಲು ಮೆದುವಾಗಿ ಹಿಟ್ಟಿನಂತೆ ಎಳೆಯಲ್ಪಡುತ್ತದೆ, ಎಳೆದಷ್ಟೂ ಹರಳುಗಳು ಪುಡಿಯಾಗಿ ಹೊಸ ದಾರಿ ತೆರೆಯುತ್ತದೆ, ಇನ್ನಷ್ಟು ನೀರು ಹರಡುತ್ತದೆ. ಹಸಿರು ಪಟ್ಟೆ ಅಗಲವಾಗುವುದು ಹೀಗೆ.

ಇದೇ ಪಾಠದ ಕನ್ನಡಿಬಿಂಬದಂಥ ಜಾಗ ನಮ್ಮಲ್ಲಿಯೇ ಇದೆ, ಕನಕಪುರ ತಾಲೂಕಿನ ಕಬ್ಬಾಳದುರ್ಗದಲ್ಲಿ. ಅಲ್ಲಿನ ಕಲ್ಲುಗಣಿಯಲ್ಲಿ ತಿಳಿಬಣ್ಣದ ನೈಸ್‌ನೊಳಗೆ ಎಣ್ಣೆ ಸವರಿದಂತೆ ಹೊಳೆಯುವ ಕಡು ಹಸಿರುಗಪ್ಪು ಮಚ್ಚೆಗಳಿವೆ. ಅವು ಚಾರ್ನೊಕೈಟ್. ನೈಸ್ ಚಾರ್ನೊಕೈಟ್ ಆಗಿ ಬದಲಾಗುತ್ತಿರುವಾಗ ನಡುದಾರಿಯಲ್ಲೇ ನಿಂತುಹೋದ ದೃಶ್ಯ ಇದು ಎಂದು ಭೂವಿಜ್ಞಾನಿ ಸಿ. ಎಸ್. ಪಿಚಮುತ್ತು ಅವರು 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಮುಂದೆ 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎ. ಎಸ್. ಜನಾರ್ದನ್ ಮತ್ತು ಸಂಗಡಿಗರು, ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವ ಒಳನುಗ್ಗಿ ನೀರನ್ನು ಪಕ್ಕಕ್ಕೆ ತಳ್ಳಿದ ಕಡೆ ಈ ಮಚ್ಚೆಗಳು ಹುಟ್ಟಿವೆ ಎಂಬ ವಿವರಣೆ ಕೊಟ್ಟರು. ಕಬ್ಬಾಳದ ಕಲ್ಲು ಮುಳುಗುವ ಫಲಕದ ಕಲ್ಲಲ್ಲ, ಸುಮಾರು 250 ಕೋಟಿ ವರ್ಷದ ಹಳೆಯ ಭೂಖಂಡದ ಒಳಭಾಗ. ಅಲ್ಲಿ ದ್ರವ ಮಾಡಿದ್ದು ಒಣಗಿಸುವ ಕೆಲಸ, ಹೋಲ್ಸ್‌ನೋಯ್‌ನಲ್ಲಿ ನೆನೆಸುವ ಕೆಲಸ. ಆದರೆ ಎರಡೂ ಕಡೆ ಒಂದೇ ಶಾಖ, ಒಂದೇ ಒತ್ತಡ ಅನುಭವಿಸಿದ ಬಂಡೆಯಲ್ಲಿ ಒಂದು ಅಡಿ ಬದಲಾಗಿದೆ, ಪಕ್ಕದ ಅಡಿ ಬದಲಾಗಿಲ್ಲ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ದೂರದಲ್ಲಿ ಇಂಥದೊಂದು ಬಂಡೆ ಇದೆ ಎಂಬುದು ನಮ್ಮ ಶಾಲೆಮಕ್ಕಳಿಗೆ ಗೊತ್ತಿರಬೇಕಿತ್ತು.

ಹಾಗಾದರೆ ಮೊದಲೇ ನೀರಿರುವ ಕಲ್ಲು, ಉದಾಹರಣೆಗೆ ಸಮುದ್ರತಳದ ಬಸಾಲ್ಟ್ ಅಥವಾ ಜೇಡಿ ಕೆಸರಿನಿಂದಾದ ಶಿಲೆ, ಪೂರ್ತಿ ಕಥೆ ಹೇಳುತ್ತದೆಯೆ? ಅದೂ ಇಲ್ಲ. ಇದಕ್ಕೆ ಕಾರಣ ಸ್ವಲ್ಪ ಸೂಕ್ಷ್ಮ, ಆದರೆ ಬೇಸಿಗೆಯಲ್ಲಿ ಸಂಡಿಗೆ ಇಟ್ಟ ಮನೆಯವರಿಗೆ ಸುಲಭವಾಗಿ ತಿಳಿಯುತ್ತದೆ.

ಮಾಳಿಗೆಯ ಮೇಲೆ ಇಟ್ಟ ಸಂಡಿಗೆ ಬಿಸಿಲು ಏರಿದಂತೆ ಒಣಗುತ್ತ ಹೋಗುತ್ತದೆ. ಬಿಸಿಲು ಇಳಿದ ಮೇಲೆ ಅದು ಮತ್ತೆ ಹಿಟ್ಟಾಗುವುದಿಲ್ಲ. ಎಷ್ಟು ಒಣಗಿತ್ತೋ ಅಲ್ಲಿಗೆ ನಿಲ್ಲುತ್ತದೆ. ಯಾರಾದರೂ ಮೇಲೆ ನೀರು ಚೆಲ್ಲಿದರೆ ಮಾತ್ರ ಕೆಡುತ್ತದೆ. ಆಳಕ್ಕೆ ಇಳಿಯುವ ಹಸಿ ಕಲ್ಲೂ ಹೀಗೆಯೇ. ಬಿಸಿಯೇರಿದಂತೆ ಅದರ ಖನಿಜಗಳು ತಮ್ಮೊಳಗಿನ ನೀರನ್ನು ಬಿಟ್ಟುಕೊಡುತ್ತವೆ. ಆ ನೀರು ಇರುವ ತನಕ ಅಣುಗಳ ಓಡಾಟ ಸರಾಗ, ಕಲ್ಲು ತನ್ನ ಸುತ್ತಲಿನ ಪರಿಸ್ಥಿತಿಗೆ ಹೊಂದಿಕೊಳ್ಳುತ್ತ ಹೊಸದಾಗಿ ಬರೆಯುತ್ತ ಹೋಗುತ್ತದೆ. ಬಿಡುಗಡೆಯಾದ ನೀರು ಹಗುರ, ಮೇಲಕ್ಕೆ ಹರಿದುಹೋಗುತ್ತದೆ. ಮುಂದೊಂದು ಗಳಿಗೆ ಬರುತ್ತದೆ: ಅಲ್ಲಿಂದ ಮುಂದಿನ ಬದಲಾವಣೆಗೆ ನೀರು ಬಿಡುವ ಬದಲು ನೀರು ಹೀರಿಕೊಳ್ಳಬೇಕಾಗುತ್ತದೆ. ಆದರೆ ಸುತ್ತ ನೀರೇ ಇಲ್ಲ. ಅಲ್ಲಿಗೆ ಬರವಣಿಗೆ ನಿಂತಿತು. 2001ರಲ್ಲಿ ಗಿರೋ, ಪವೆಲ್ ಮತ್ತು ರೆಬೇ ಎಂಬ ಶಿಲಾವಿಜ್ಞಾನಿಗಳು ಈ ಮಾತನ್ನು ಲೆಕ್ಕದ ಮೂಲಕ ಸ್ಪಷ್ಟಗೊಳಿಸಿದರು. ಅವರ ತರ್ಕದ ಸಾರ ಇಷ್ಟು: ಕಲ್ಲಿನಲ್ಲಿ ಇವತ್ತು ಕಾಣುವ ಖನಿಜಗಳ ಗುಂಪು, ಕಲ್ಲು ತನ್ನ ಪ್ರಯಾಣದಲ್ಲಿ ಅತ್ಯಂತ ಕಡಿಮೆ ನೀರನ್ನು ಇಟ್ಟುಕೊಂಡಿದ್ದ ಹಂತದ್ದು. ಆ ಹಂತ ಅತಿ ಆಳದ ಹಂತವೇ ಆಗಿರಬೇಕೆಂದಿಲ್ಲ. ಇಳಿಯುವಾಗಲೇ ಬಂದಿರಬಹುದು, ಹಿಂದಿರುಗಲು ಶುರುವಾದ ಮೇಲೂ ಬಂದಿರಬಹುದು. ಕಲ್ಲಿನಿಂದ ನಾವು ಓದಿದ ಸಂಖ್ಯೆಗೆ 'ಗರಿಷ್ಠ ಒತ್ತಡ' ಎಂದು ಹೆಸರಿಡುವುದು ರೂಢಿ. ಎಷ್ಟೋ ಸಲ ಅದಕ್ಕೆ 'ಕಲ್ಲು ಒಣಗಿದ ಹೊತ್ತಿನ ಒತ್ತಡ' ಎಂದು ಹೇಳುವುದೇ ಹೆಚ್ಚು ಸರಿ.

ಇಷ್ಟೆಲ್ಲ ದಾಟಿ ಕಲ್ಲು ಆಳದಲ್ಲಿ ಚೆನ್ನಾಗಿಯೇ ಬರೆದುಕೊಂಡಿತು ಎನ್ನಿ. ಇನ್ನು ಅದು ಮೇಲೆ ಬರಬೇಕು, ಬರುವ ದಾರಿಯಲ್ಲಿ ಅಳಿಸುವವರು ಕಾದಿರುತ್ತಾರೆ. ಒತ್ತಡ ಇಳಿದರೂ ಬಿಸಿ ಉಳಿದಿರುತ್ತದೆ. ಪಕ್ಕದ ಶಿಲೆಗಳು ಬಿಟ್ಟ ನೀರು ಹರಿದುಬರುತ್ತದೆ. ಕಲ್ಲು ಮತ್ತೊಮ್ಮೆ ಹಿಸುಕಿಸಿಕೊಳ್ಳುತ್ತದೆ. ಹಸಿರು ಓಂಫಸೈಟ್ ಒಡೆದು, ಬೆರಳಚ್ಚಿನ ಗೆರೆಗಳಂತೆ ಹೆಣೆದುಕೊಂಡ ಎರಡು ಸಾಮಾನ್ಯ ಖನಿಜಗಳಾಗುತ್ತದೆ. ಕೋಸೈಟ್ ಮತ್ತೆ ಬೆಣಚಾಗುತ್ತದೆ. ನೀರಿದ್ದರೆ ಈ ಮರುಬದಲಾವಣೆಗೆ ಭೂಕಾಲದ ಲೆಕ್ಕದಲ್ಲಿ ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ನೈಸ್‌ನಂಥ ಬೆಣಚು, ಕಾಗೆಬಂಗಾರ ತುಂಬಿದ ಮೆದು ಕಲ್ಲಿನಲ್ಲಿ ಅಳಿಸುವುದು ಸುಲಭ. ಎಕ್ಲೋಗೈಟ್ ಉಂಡೆ ಗಟ್ಟಿ ಮತ್ತು ಒಣ, ನೀರು ಅಂಚಿನಿಂದ ಒಳಗೆ ಹೋಗಲು ಹೆಣಗಬೇಕು. ಪೂಗಾದ ಉಂಡೆಗಳಲ್ಲಿಯೂ ಹೊರಅಂಚು ಕಪ್ಪಾಗಿ ಬದಲಾಗಿದೆ, ತಿರುಳು ಉಳಿದಿದೆ.

ಅಳಿಸಿಹೋಗದೆ ಉಳಿದದ್ದನ್ನು ಹತ್ತಿರದಿಂದ ನೋಡಬೇಕೆಂದರೆ ಇಟಲಿಯ ಪಶ್ಚಿಮ ಆಲ್ಪ್ಸ್‌ನ ಡೋರಾ ಮೈರಾಕ್ಕೆ ಹೋಗಬೇಕು. ಅಲ್ಲಿನ ಬಿಳಿ ಶಿಲೆಯಲ್ಲಿ ತಿಳಿಗುಲಾಬಿ ಗಾರ್ನೆಟ್‌ಗಳಿವೆ, ಕೆಲವು ಸುಲಿದ ತೆಂಗಿನಕಾಯಿಗಿಂತ ದೊಡ್ಡವು. ಅಂಥದೊಂದನ್ನು ಕೂದಲಿಗಿಂತ ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗಾರ್ನೆಟ್ಟಿನ ನಡುವೆ ಮರಳಿನ ಕಣದಷ್ಟು ಒಂದು ಹರಳು, ಉಬ್ಬಿದಂತೆ ಎದ್ದುಕಾಣುತ್ತದೆ. ಅದು ಕೋಸೈಟ್. ಅದರ ಸುತ್ತ ಬೇಲಿಗೂಟಗಳ ಹಾಗೆ ಒತ್ತಾಗಿ ನಿಂತ ಬೆಣಚಿನ ಸಣ್ಣ ಕಂಬಗಳು. ಅಲ್ಲಿಂದ ಗಾರ್ನೆಟ್ಟಿನೊಳಕ್ಕೆ ಸೂರ್ಯನ ಕಿರಣಗಳಂತೆ ಬಿರುಕುಗಳು ಚೆದುರಿವೆ. ಕೋಸೈಟಿನ ಸಾಂದ್ರತೆ 2.92, ಬೆಣಚಿನದು 2.65. ಒಂದು ಇನ್ನೊಂದಾಗುವಾಗ ಗಾತ್ರ ಶೇಕಡ 10ರಷ್ಟು ಹಿಗ್ಗುತ್ತದೆ, ಸುತ್ತಲ ಗಾರ್ನೆಟ್ಟನ್ನು ಒಳಗಿನಿಂದ ಸೀಳುತ್ತದೆ. ಗಾರ್ನೆಟ್ ಬಿಗಿಯಾಗಿ ಹಿಡಿದುಕೊಂಡಷ್ಟು ಹೊತ್ತೂ ಒಳಗೆ ಒತ್ತಡ ಉಳಿಯುತ್ತದೆ, ಕೋಸೈಟ್ ಬದುಕುತ್ತದೆ. ಗಾರ್ನೆಟ್ ಬಿರಿದು ನೀರು ಒಳಬಂದ ದಿನ ಅದರ ಕಥೆ ಮುಗಿಯುತ್ತದೆ. ಫ್ರಾನ್ಸಿನ ಕ್ರಿಸ್ಟಿಯನ್ ಶೊಪಾಂ 1984ರಲ್ಲಿ ಇದನ್ನು ಪ್ರಕಟಿಸುವವರೆಗೆ, ಹಗುರವಾದ ಭೂಖಂಡದ ಕಲ್ಲು ಅಷ್ಟು ಆಳಕ್ಕೆ ಮುಳುಗುತ್ತದೆ ಎಂದು ನಂಬಿದವರು ಇರಲಿಲ್ಲ ಎನ್ನಬಹುದು. ಅದೇ ವರ್ಷ ಡೇವಿಡ್ ಸ್ಮಿತ್ ನಾರ್ವೆಯ ಎಕ್ಲೋಗೈಟಿನಲ್ಲೂ ಕೋಸೈಟ್ ಕಂಡರು. 1990ರಲ್ಲಿ ಸೊಬೊಲೆವ್ ಮತ್ತು ಶಾಟ್ಸ್ಕಿ ಕಝಾಕ್‌ಸ್ತಾನದ ಕೊಕ್ಚೆತಾವ್‌ನ ಶಿಲೆಗಳಲ್ಲಿ ಸೂಕ್ಷ್ಮ ವಜ್ರಗಳನ್ನೇ ತೋರಿಸಿದರು. ವಜ್ರಕ್ಕೆ ಕೋಸೈಟಿಗಿಂತಲೂ ಹೆಚ್ಚಿನ ಆಳ ಬೇಕು.

ಅದೇ ಡೋರಾ ಮೈರಾದಲ್ಲಿ, ಬ್ರೊಸ್ಸಾಸ್ಕೊ ಎಂಬಲ್ಲಿ, ಒಂದು ಗ್ರಾನೈಟ್ ಇದೆ. ಕೋಸೈಟ್ ಸಿಕ್ಕ ಶಿಲೆಯ ಜೊತೆಗೇ ಆಳಕ್ಕೆ ಹೋಗಿಬಂದದ್ದು. ದೂರದಿಂದ ನೋಡಿದರೆ ಯಾವ ಮನೆಯ ಅಡಿಪಾಯಕ್ಕಾದರೂ ಹಾಕಬಹುದಾದ ಮಾಮೂಲಿ ಗ್ರಾನೈಟ್, ಹುಟ್ಟಿದಾಗಿನ ರಚನೆ ಹಾಗೇ ಇದೆ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಗುಟ್ಟು ಬಯಲಾಗುತ್ತದೆ: ಫೆಲ್ಡ್‌ಸ್ಪಾರ್ ಇದ್ದ ಜಾಗದಲ್ಲಿ ಅದರ ಆಕಾರವನ್ನೇ ಉಳಿಸಿಕೊಂಡು ಜೇಡೈಟ್ ತುಂಬಿದ ನುಣುಪು ಮುದ್ದೆ, ಕಾಗೆಬಂಗಾರದ ಅಂಚಿಗೆ ತೆಳು ಗಾರ್ನೆಟ್ ಸರ, ದೊಡ್ಡ ಬೆಣಚಿನ ಹರಳಿದ್ದ ಕಡೆ ಜೇನುಗೂಡಿನಂತೆ ಹೊಂದಿಕೊಂಡ ಸಣ್ಣ ಬೆಣಚುಗಳು. ಈ ಸಣ್ಣವು ಒಂದು ಕಾಲಕ್ಕೆ ಕೋಸೈಟ್ ಆಗಿದ್ದವು. ಪೊಲೊಕೊಂಗ್ಕಾ ಲಾದ ಗ್ರಾನೈಟನ್ನು ಕಣ್ಣಳತೆಯಲ್ಲಿ ನೋಡಿ ತೀರ್ಪು ಕೊಡಬಾರದು ಎಂದು ನಾನು ಹೇಳುವುದು ಇದನ್ನು ನೆನೆದೇ.

ಇನ್ನು ನೈಸ್‌ನ ವಿಷಯ. ಹರಳುಗಳೆಲ್ಲ ಹೊಸದಾಗಿ ಬೆಳೆದು ಹಳೆಯದನ್ನು ಪೂರ್ತಿ ಅಳಿಸಿಬಿಟ್ಟಿದ್ದರೆ ಸತ್ಯ ಹೊರಡಿಸುವುದು ಹೇಗೆ? ಇಲ್ಲಿ ನೆರವಿಗೆ ಬಂದದ್ದು ಜಿರ್ಕಾನ್. ಉಪ್ಪಿನ ಕಣಕ್ಕಿಂತಲೂ ಸಣ್ಣದಾದ ಈ ಹರಳು ಅಷ್ಟು ಸುಲಭಕ್ಕೆ ಕರಗದು, ಒಡೆಯದು. ಆಳದಲ್ಲಿದ್ದಾಗ ಅದರ ಮೇಲೆ ಹೊಸ ಪದರ ಬೆಳೆದರೆ ಅಕ್ಕಪಕ್ಕದ ಖನಿಜದ ಚೂರು ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಜೊತೆಗೆ ಯುರೇನಿಯಂ ಇರುವುದರಿಂದ ಆ ಪದರದ ವಯಸ್ಸನ್ನೂ ಅಳೆಯಬಹುದು. ಚೀನಾದ ಸುಲು ಪ್ರದೇಶದ ದೊಂಗ್‌ಹಾಯ್‌ನಲ್ಲಿ 2001ರಿಂದ 2005ರವರೆಗೆ 5,158 ಮೀಟರ್ ಆಳದ ವೈಜ್ಞಾನಿಕ ಕೊಳವೆಬಾವಿ ಕೊರೆದರು. ಮೇಲೆ ಬಂದ ಕಲ್ಲಿನ ಕಂಬದಲ್ಲಿ ಎಕ್ಲೋಗೈಟ್ ಇತ್ತು, ಬಹಳಷ್ಟು ಸಾಮಾನ್ಯ ನೈಸ್ ಕೂಡ ಇತ್ತು. ನೈಸ್‌ನ ಮೈಯಲ್ಲಿ ಅಧಿಕ ಒತ್ತಡದ ಖನಿಜ ಒಂದೂ ಕಾಣದ ಕಡೆಗಳಲ್ಲಿ ಜಿರ್ಕಾನ್ ಹೆಕ್ಕಿ ಲೇಸರ್ ಬೆಳಕು ಹಾಯಿಸಿದರೆ ಒಳಗೆ ಕೋಸೈಟ್! ನೈಸ್‌ಗಳೂ ಉಂಡೆಗಳ ಜೊತೆ ಕೆಳಗೆ ಹೋಗಿದ್ದವು. ನಾರ್ವೆಯಲ್ಲಿ ಎದ್ದಿದ್ದ ಹಳೆಯ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಕಷ್ಟ. ಆದರೆ ಜಿರ್ಕಾನ್ ಕೂಡ ಬೆಳೆದ ಹೊತ್ತಿನಲ್ಲಿ ಮಾತ್ರ ಬರೆದುಕೊಳ್ಳುವ ಖನಿಜ. ಒಣ ಕಲ್ಲಿನಲ್ಲಿ ಅದೂ ಬೆಳೆಯುವುದಿಲ್ಲ.

ಇನ್ನೊಂದು ಉಪಾಯ ನನಗೆ ತುಂಬ ಮೆಚ್ಚಿಗೆ. ಗಾರ್ನೆಟ್ ಬೆಳೆಯುವಾಗ ಒಳಗೆ ಸಿಕ್ಕಿಕೊಂಡ ಬೆಣಚಿನ ಕಣ, ಕಲ್ಲು ಮೇಲೆ ಬಂದಾಗ ಹಿಗ್ಗಲು ಬಯಸುತ್ತದೆ, ಗಾರ್ನೆಟ್ ಬಿಡುವುದಿಲ್ಲ. ಇವತ್ತಿಗೂ ಆ ಕಣ ಒತ್ತಡದಲ್ಲೇ ಇರುತ್ತದೆ. ಲೇಸರ್ ಬಳಸಿ ರಾಮನ್ ಪರಿಣಾಮದ ಮೂಲಕ ಆ ಉಳಿಕೆ ಒತ್ತಡವನ್ನು ಅಳೆದು, ಸಿಕ್ಕಿಕೊಂಡ ಹೊತ್ತಿಗೆ ಎಷ್ಟಿತ್ತು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಖನಿಜಗಳ ನಡುವೆ ರಾಸಾಯನಿಕ ಸಮತೋಲ ಇತ್ತೋ ಇಲ್ಲವೋ ಎಂಬ ತಲೆನೋವು ಈ ಅಳತೆಗೆ ಬಹುಮಟ್ಟಿಗೆ ಇಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒತ್ತಡವೆಂದರೆ ಆಳ ಎಂದು ಇಲ್ಲಿಯವರೆಗೆ ನಾನೂ ಸಲೀಸಾಗಿ ಬರೆದೆ. ಗಟ್ಟಿ ಬಂಡೆಗಳು ಒಂದನ್ನೊಂದು ಅದುಮುವ ಕಡೆ ಮೇಲಿನ ಕಲ್ಲಿನ ಭಾರಕ್ಕಿಂತ ಹೆಚ್ಚಿನ ಒತ್ತಡ ಹುಟ್ಟಬಹುದು ಎಂದು ವಾದಿಸುವವರಿದ್ದಾರೆ, ಎಷ್ಟರ ಮಟ್ಟಿಗೆ ಎಂಬ ಚರ್ಚೆ ಇನ್ನೂ ನಡೆದಿದೆ. ಒಂದು ಖನಿಜದ ಒಂದು ಸಂಖ್ಯೆಯನ್ನು ಹಿಡಿದು ಕಿಲೋಮೀಟರ್ ಎಣಿಸುವಾಗ ಇದು ನೆನಪಿರಲಿ.

ಇದೆಲ್ಲ ಬರಿ ಕಲ್ಲು ಓದುವವರ ಚಿಂತೆಯಲ್ಲ, ಏಕೆಂದರೆ ಬದಲಾಗದೆ ಉಳಿದ ಕಲ್ಲಿನ ತೂಕವೇ ಬೇರೆ. ಭೂಖಂಡದ ಗ್ರಾನೈಟ್, ನೈಸ್‌ಗಳ ಸಾಂದ್ರತೆ ಸುಮಾರು 2.7, ಎಕ್ಲೋಗೈಟಿನದು 3.4ರ ಆಸುಪಾಸು, ಭೂಮಿಯ ಹೊದಿಕೆಯ ಶಿಲೆಯದು 3.3. ಮುಳುಗಿದ ಖಂಡ ಪೂರ್ತಿ ಅಧಿಕ ಒತ್ತಡದ ಖನಿಜಗಳಾಗಿ ಬದಲಾದರೆ ಭಾರವಾಗಿ ಅಲ್ಲೇ ಉಳಿಯುವ ಸಂಭವ ಹೆಚ್ಚು. ಬಹುಭಾಗ ಬದಲಾಗದೆ ಹಗುರವಾಗಿಯೇ ಇದ್ದರೆ, ನೀರಿನಲ್ಲಿ ಒತ್ತಿ ಹಿಡಿದ ತೆಂಗಿನಕಾಯಿಯಂತೆ, ಬಿಟ್ಟ ಕೂಡಲೇ ಮೇಲೇಳುತ್ತದೆ. ಪೂಗಾದ ಎಕ್ಲೋಗೈಟ್ ಉಂಡೆಗಳು ತಾವಾಗಿ ಮೇಲೆ ಬರಲಾರವು. ಅವನ್ನು ಹೊತ್ತು ತಂದದ್ದು ಸುತ್ತಲಿನ ಹಗುರ ನೈಸ್. ಆ ನೈಸ್ ಕೆಳಗೆ ಎಷ್ಟರ ಮಟ್ಟಿಗೆ ಬದಲಾಗಿತ್ತು ಎಂಬುದು ತಿಳಿಯದೆ ಅದು ಮೇಲೆದ್ದ ವೇಗದ ಲೆಕ್ಕ ಸರಿಯಾಗಿ ಕೂರುವುದಿಲ್ಲ.

ಈ ಲೆಕ್ಕ ಇವತ್ತೂ ನಡೆಯುತ್ತಿದೆ. ದಕ್ಷಿಣ ಟಿಬೆಟ್ಟಿನ ಅಡಿಯಲ್ಲಿ ಭಾರತದ ಭೂಫಲಕದ ಕೆಳಪದರ ಈಗಲೂ ಉತ್ತರಕ್ಕೆ ಜಾರುತ್ತಿದೆ. ಭೂಕಂಪದ ಅಲೆಗಳು ಅಲ್ಲಿ ಹಾದುಹೋಗುವ ವೇಗ ನೋಡಿದರೆ ಆ ಪದರದ ಒಂದು ಭಾಗ ಎಕ್ಲೋಗೈಟ್ ಆಗಿದೆ ಎಂದು ಅರ್ಥೈಸುತ್ತಾರೆ. ಉಳಿದದ್ದು ಹೋಲ್ಸ್‌ನೋಯ್‌ನ ಬೂದು ಗ್ರಾನ್ಯುಲೈಟಿನಂತೆ, ಅಷ್ಟು ಆಳದಲ್ಲಿಯೂ ತನ್ನ ಹಳೆಯ ಖನಿಜಗಳನ್ನೇ ಹಿಡಿದುಕೊಂಡು, ಒಂದು ಬಿರುಕಿಗೆ, ಅದರಲ್ಲಿ ನುಸುಳಿ ಬರುವ ಒಂದಿಷ್ಟು ನೀರಿಗೆ ಕಾದು ಕೂತಿರಬಹುದು.